ಮಾರದೆ ಕೂತಿದ್ದಕ್ಕೆ ಕಾರಣ ಧೈರ್ಯ ಅಲ್ಲ

ಷೇರು ಮಾರುಕಟ್ಟೆ ಬಿದ್ದಾಗ ಮಾರದೆ ಧೈರ್ಯವಾಗಿ ಕೂತವರೇ ಗೆಲ್ಲುತ್ತಾರೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ ಸರ್. 2020ರ ಮಾರ್ಚ್ 23ರಂದು ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಒಂದೇ ದಿನ 3,934 ಅಂಶ, ಅಂದರೆ ಶೇ 13ಕ್ಕೂ ಜಾಸ್ತಿ ಕುಸಿಯಿತು. ಆ ದಿನ ನನ್ನ ಮೊಬೈಲ್‌ನಲ್ಲಿ ಎಲ್ಲ ಮ್ಯೂಚುವಲ್ ಫಂಡೂ ಕೆಂಪು, ಅಂದರೆ ನಷ್ಟದಲ್ಲಿ. ಮಾರುವ ಬಟನ್ ಹತ್ತಿರ ಬೆರಳಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಮಾರಲಿಲ್ಲ. ಎಂಟು ತಿಂಗಳ ಮನೆ ಖರ್ಚು ಬೇರೆಯಾಗಿ ಬ್ಯಾಂಕಿನ ಎಫ್‌ಡಿಯಲ್ಲಿತ್ತು, ಅದಕ್ಕೆ. ಜೊತೆಗೆ ಕೆಲಸ ಮಾಡುತ್ತಿದ್ದ ಗೆಳೆಯನ ಬಳಿ ಅದಿರಲಿಲ್ಲ. ಸಂಬಳ ಅರ್ಧ ಆಯಿತು, ಅದೇ ಹೊತ್ತಿಗೆ ಅಮ್ಮನ ಆಸ್ಪತ್ರೆ ಖರ್ಚು ಬಂತು. ಏಪ್ರಿಲ್‌ನಲ್ಲಿ ಎಲ್ಲ ಮಾರಿದ. ಅವನನ್ನು ಪುಕ್ಕಲ ಅನ್ನೋಕೆ ಆಗುತ್ತಾ? ಆ ವರ್ಷದ ಕೊನೆಗೆ ಸೆನ್ಸೆಕ್ಸ್ 47,000 ದಾಟಿತ್ತು. ಇವತ್ತಿಗೂ ಅವನನ್ನು ನೆನೆದರೆ ಸಂಕಟ ಆಗುತ್ತದೆ.

ನನಗೆ ಹೀಗೆ ಖರ್ಚಿನ ಹಣ ಬೇರೆ ಇಡುವ ಅಭ್ಯಾಸ ಬಂದದ್ದು ಊರಿನ ಅಡಿಕೆ ತೋಟದಿಂದ. ಅಪ್ಪ ಇಡೀ ಫಸಲನ್ನು ಒಂದೇ ಸಲ ಮಾರಿದ್ದು ನಾನು ನೋಡಿಲ್ಲ. ರೇಟು ಏರಲಿ ಇಳಿಯಲಿ, ಖರ್ಚಿಗೆ ಬೇಕಾದಷ್ಟು ಮೂಟೆ ಮಂಡಿಗೆ, ಉಳಿದದ್ದು ಅಟ್ಟಕ್ಕೆ. ಮರಕ್ಕೆ ಕಾಳುಮೆಣಸಿನ ಬಳ್ಳಿ, ನಡುವೆ ಬಾಳೆ. ಮಳೆ ಹಿಡಿಯುವ ಮೊದಲೇ, ಅಡಿಕೆ ಕಾಯಿ ಉದುರಿಸುವ ಕೊಳೆರೋಗ ಬಾರದ ಹಾಗೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಸುತ್ತಿದ್ದರು. ಆ ವರ್ಷ ಮಳೆ ಎಷ್ಟು ಅಂತ ಅವರಿಗೂ ಗೊತ್ತಿರುತ್ತಿರಲಿಲ್ಲ ಅಲ್ವಾ.

ದಯವಿಟ್ಟು ಮುಂದಿನ ಸಲ ಈ ತುರ್ತು ಹಣದ ಬಗ್ಗೆಯೂ ಬರೆಯಿರಿ. ಈಗಷ್ಟೇ ಎಸ್‌ಐಪಿ (ತಿಂಗಳು ತಿಂಗಳು ಫಂಡಿಗೆ ಇಷ್ಟು ಅಂತ ಹಣ ಹಾಕುವುದು) ಶುರು ಮಾಡಿದ ಹುಡುಗ ಹುಡುಗಿಯರು ತುಂಬಾ ಜನ ಓದುತ್ತಿರುತ್ತಾರೆ.