ಅಳಿಯ ಅಲ್ಲ, ಮಗಳ ಗಂಡ

ಬಿಳಿ ಬಟ್ಟೆ. ನಡುವಿನಿಂದ ಒಂಚೂರು ಕಂಬದ ಕಡೆಗೆ ಸರಿದು ಕೂತ ಕೆಂಪು ಸೂರ್ಯ. ಸುತ್ತ 16 ಕಿರಣ. 1889ರಿಂದ 1945ರವರೆಗೆ ಜಪಾನಿನ ಯುದ್ಧನೌಕೆಗಳು ಹಾರಿಸಿದ್ದು ಈ ಬಾವುಟ. ಯುದ್ಧ ಸೋತ ಮೇಲೆ ಅದು ಪೆಟ್ಟಿಗೆ ಸೇರಿತು. 1954ರಲ್ಲಿ ಹೊಸ ಪಡೆ ಕಟ್ಟಿದರು. ಹೊಸ ಪಡೆಗೆ ಹೊಸ ಬಾವುಟ ಬೇಕಲ್ವಾ? ಪೆಟ್ಟಿಗೆ ತೆಗೆದು ಅದನ್ನೇ ಕೊಡವಿ ಏರಿಸಿದರು.

35 ವರ್ಷ ಜಪಾನಿನ ಕೈಕೆಳಗೆ ನರಳಿದ ಕೊರಿಯಾದವರಿಗೆ ಅದನ್ನು ಕಂಡರೆ ಮೈ ಉರಿಯುತ್ತದೆ. ಉರಿಯದೆ ಇನ್ನೇನು? ಅದರಲ್ಲಿ ನಗುವಂಥದ್ದೇನೂ ಇಲ್ಲ. ನಗು ಬರುವುದು ಸರ್ಕಾರಗಳು ಬಾಯಿ ಬಿಟ್ಟಾಗ.

ಜಪಾನಿನ ವಿದೇಶಾಂಗ ಇಲಾಖೆ ಹೇಳುವುದು ಕೇಳಿ. ಮೀನುಗಾರರು ಬಲೆ ತುಂಬ ಮೀನು ಸಿಕ್ಕಾಗ ಹಾರಿಸುವುದು ಇದೇ ಚಿತ್ರವನ್ನಂತೆ, ಮಗು ಹುಟ್ಟಿದ ಸಂಭ್ರಮಕ್ಕೂ ಇದೇ ಅಂತೆ. ಸರಿ ಸ್ವಾಮಿ. ಅವತ್ತು ಬಂದ ಹಡಗಿನಲ್ಲಿ ಬಂಗುಡೆ ಇತ್ತೋ ಫಿರಂಗಿ ಇತ್ತೋ ಅಂತ ಪಕ್ಕದ ಮನೆಯವರನ್ನೂ ಒಂದು ಮಾತು ಕೇಳಬಹುದಿತ್ತು.

ಪಕ್ಕದ ಮನೆಯವರೂ ಕಮ್ಮಿಯಿಲ್ಲ. 1998ರಲ್ಲಿ, 2008ರಲ್ಲಿ ದಕ್ಷಿಣ ಕೊರಿಯಾದ ನೌಕಾ ಪ್ರದರ್ಶನಕ್ಕೆ ಜಪಾನಿನ ಹಡಗು ಇದೇ ಬಾವುಟ ಹಾರಿಸಿಕೊಂಡು ಬಂದು ಹೋಗಿತ್ತು. 2018ರಲ್ಲಿ ಜೇಜು ದ್ವೀಪದ ಪ್ರದರ್ಶನಕ್ಕೆ ಮಾತ್ರ, 'ನಿಮ್ಮ ರಾಷ್ಟ್ರಧ್ವಜ, ನಮ್ಮ ರಾಷ್ಟ್ರಧ್ವಜ, ಎರಡೇ ಸಾಕು' ಅಂತ ಎಲ್ಲ ದೇಶಗಳಿಗೂ ಓಲೆ ಹೋಯಿತು. ಒಬ್ಬರಿಗೆ ಚುಚ್ಚಲು ಊರಿಗೆಲ್ಲ ಹೇಳುವ ಈ ಜಾಣತನ ನಮ್ಮ ಮದುವೆಮನೆಗಳಲ್ಲೂ ಇದೆ ಬಿಡಿ. ಜಪಾನ್ ಮುನಿಸಿಕೊಂಡು ಹಡಗನ್ನೇ ಕಳಿಸಲಿಲ್ಲ. ಬಂದವರಲ್ಲಿ ಹಲವರು ಓಲೆ ಮಡಚಿಟ್ಟು ತಮ್ಮ ನೌಕಾಪಡೆಯ ಬಾವುಟವನ್ನೇ ಹಾರಿಸಿದರು. ಎರಡೇ ಸಾಕು ಅಂದವರೇ ಮೂರನೆಯದನ್ನು ಏರಿಸಿದರು: 16ನೇ ಶತಮಾನದಲ್ಲಿ ಜಪಾನಿನ ಹಡಗುಗಳನ್ನು ಮುಳುಗಿಸಿದ ಅಡ್ಮಿರಲ್ ಯಿ ಸುನ್-ಸಿನ್ ನೆನಪಿನ ಬಾವುಟ! ಮನೆಯಲ್ಲೇ ಕೂತಿದ್ದ ಜಪಾನ್ ಅದಕ್ಕೂ ಒಂದು ತಕರಾರು ಕಳಿಸಿತು. ಅಂದಹಾಗೆ, ಕೊರಿಯಾದ ಅಧ್ಯಕ್ಷರು ಅವತ್ತು ಹತ್ತಿದ್ದ ಹಡಗಿನ ಹೆಸರು ಇಲ್ಚುಲ್‌ಬೊಂಗ್. ಹಾಗಂದರೆ ಸೂರ್ಯೋದಯದ ಶಿಖರ.

(ನಾವೂ ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದು. ನಮ್ಮ ನೌಕಾಪಡೆಯ ಬಾವುಟದಲ್ಲಿದ್ದ ಬ್ರಿಟಿಷರ ಕೆಂಪು ಶಿಲುಬೆಯನ್ನು 2001ರಲ್ಲಿ ತೆಗೆದೆವು, 2004ರಲ್ಲಿ ಮತ್ತೆ ಹಾಕಿದೆವು, 2022ರಲ್ಲಿ ಮತ್ತೆ ತೆಗೆದೆವು.)

2022ರ ಹೊತ್ತಿಗೆ ಕೊರಿಯಾದಲ್ಲಿ ಸರ್ಕಾರ ಬದಲಾಗಿತ್ತು. ನವೆಂಬರಿನಲ್ಲಿ ಜಪಾನಿನವರು ಸಗಾಮಿ ಕೊಲ್ಲಿಯಲ್ಲಿ ನಡೆಸಿದ ನೌಕಾ ಪ್ರದರ್ಶನಕ್ಕೆ ಕೊರಿಯಾದ ಹಡಗೂ ಹೋಯಿತು, ನಾವಿಕರು ಸಾಲಾಗಿ ನಿಂತು ಸಲ್ಯೂಟ್ ಹೊಡೆದರು. ಸಲ್ಯೂಟ್ ಆ ಬಾವುಟಕ್ಕಾ? ಕೊರಿಯಾದ ಸಂಸತ್ತಿನಲ್ಲಿ ಬಾವುಟದ ಮಾತು ಬಂದಾಗ ಅಲ್ಲಿನ ರಕ್ಷಣಾ ಸಚಿವರು ಕೊಟ್ಟ ಉತ್ತರದ ತಿರುಳು ಇಷ್ಟು: ನೋಡಲು ಒಂದೇ ಥರ ಇವೆ, ಆದರೆ ಪಕ್ಕಪಕ್ಕ ಇಟ್ಟು ನೋಡಿದರೆ ಹಳೆಯದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಅಳಿಯ ಅಲ್ಲ, ಮಗಳ ಗಂಡ. ಆ ಕಡೆ ಅಳಿಯ ಮಾತ್ರ ಬಾಗಿಲಲ್ಲೇ ನಿಂತು, 'ಅಯ್ಯೋ, ನಾನೇ ರೀ ಅಳಿಯ' ಅಂತ ಸುಮ್ನೆ ಕೂಗುತ್ತಲೇ ಇದ್ದಾನೆ. ಜಪಾನಿನ ಪ್ರಕಾರ ಎರಡೂ ಒಂದೇ!

ಮರುವರ್ಷ ಮೇ ತಿಂಗಳಲ್ಲಿ ಮಗಳ ಗಂಡ ನೇರ ಬುಸಾನ್ ಬಂದರಿಗೇ ಬಂದ. ಹಡಗಿನ ಹೆಸರು ಹಮಗಿರಿ. ಹಿಂದುಗಡೆ ಬಾವುಟ ಹಾರುತ್ತಿತ್ತು. ಸಚಿವರು ಹೇಳಿದ್ದಾರಲ್ಲ ಅಂತ ನಾನೂ ಫೋಟೊ ದೊಡ್ಡದು ಮಾಡಿ ಎಣಿಸಿದೆ. ಕಿರಣ ಹದಿನಾರೇ ಇದ್ದವು.