ರಸಮಂಜರಿಯ ರಾತ್ರಿ

ನಮ್ಮ ಹಳೇ ಮೈಸೂರು ಸೀಮೆಯ ಊರುಗಳಲ್ಲಿ, ಗಣಪತಿಯನ್ನು ನೀರಿಗೆ ಬಿಡುವ ಮುನ್ನ ಒಂದು ರಾತ್ರಿಯಾದರೂ ಆರ್ಕೆಸ್ಟ್ರಾ ಇಡಿಸದಿದ್ದರೆ ಆ ಬೀದಿಯ ಯುವಕರ ಸಂಘ ತಲೆ ಎತ್ತಿ ತಿರುಗುವಂತಿಲ್ಲ. ಕರಪತ್ರದಲ್ಲಿ ‘ರಸಮಂಜರಿ ಕಾರ್ಯಕ್ರಮ’ ಎಂದು ಅಚ್ಚಾಗುವ ಈ ಸಿನಿಮಾ ಹಾಡುಗಳ ಕಛೇರಿಗೆ ಸಂಗೀತದ ಬಗ್ಗೆ ತೂಕದ ಮಾತಾಡುವವರು ಬರುವುದಿಲ್ಲ. ಬಂದರೂ ಮೊಮ್ಮಗ ಹಟ ಮಾಡಿದನೆಂಬ ನೆಪ ಹೇಳುತ್ತಾರೆ. ನನಗೆ ಅಂಥ ನೆಪದ ಅಗತ್ಯವಿಲ್ಲ. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳನ್ನು ದಾನಿಗಳಿಗೂ ಅವರ ಬಂಧುಗಳಿಗೂ ಬಿಟ್ಟುಕೊಟ್ಟು, ಚುರುಮುರಿ ಗಾಡಿಯ ಪಕ್ಕ ನಿಂತು ಕೇಳುವುದೇ ನನಗೆ ಇಷ್ಟ.

ಚಿತ್ರರಂಗದ ಹಳೆಯ ಹಾಡೊಂದನ್ನು ಧ್ವನಿಮುದ್ರಿಸುವಾಗ ಪಿಟೀಲುಗಳ ದೊಡ್ಡ ಸಾಲು, ಕೊಳಲು, ಸಿತಾರ್, ತಬಲ ಎಲ್ಲವೂ ಇರುತ್ತಿದ್ದವು. ಬೀದಿಯ ವೇದಿಕೆಯಲ್ಲಿ ಅವೆಲ್ಲ ಒಂದು ಕೀಬೋರ್ಡು ಮತ್ತು ಒಂದು ರಿದಂ ಪ್ಯಾಡಿನೊಳಗೆ ಅಡಗಬೇಕು. ಎಂಟು ರಬ್ಬರ್ ಚೌಕಗಳ ಆ ಪ್ಯಾಡಿನ ಮೇಲೆ ಎರಡು ಕಡ್ಡಿಗಳನ್ನು ಹಿಡಿದ ಹುಡುಗ ಢೋಲಕ್ಕನ್ನೂ ತಾಳವನ್ನೂ ಬೇಕಾದರೆ ಗುಡುಗನ್ನೂ ನುಡಿಸುತ್ತಾನೆ. ಕೀಬೋರ್ಡಿನವನ ಪಾಡು ಇನ್ನೂ ಕಷ್ಟದ್ದು: ಬಲಗೈ ಪಿಟೀಲಿನ ಸಾಲನ್ನು ಮುಗಿಸುತ್ತಿರುವಾಗಲೇ ಎಡಗೈ ಕೊಳಲಿನ ಗುಂಡಿಯನ್ನು ಹುಡುಕುತ್ತಿರುತ್ತದೆ; ಹಾಡುವವಳ ಶ್ರುತಿ ಮೂಲಕ್ಕಿಂತ ಒಂದು ಮನೆ, ಅಂದರೆ ಕೀಬೋರ್ಡಿನ ಒಂದು ಕೀಲಿಯಷ್ಟು, ಕೆಳಗಿದ್ದರೆ ಟ್ರಾನ್ಸ್‌ಪೋಸ್ ಗುಂಡಿಯನ್ನು ಒತ್ತಿ, ಬೆರಳುಗಳ ಅಭ್ಯಾಸ ಕೆಡದಂತೆ, ಇಡೀ ಹಾಡನ್ನೇ ಇಳಿಸಬೇಕು. ಒಂದೊಂದು ಸಲ ಆ ಗುಂಡಿ ಕ್ಷಣ ತಡವಾಗಿ ಸಿಕ್ಕಿ, ಕೊಳಲು ಬರಬೇಕಾದ ಕಡೆ ಬರಿಯ ತಾಳವಷ್ಟೇ ಉಳಿಯುತ್ತದೆ. ಆಗ ನೆರೆದ ಜನರೇ ಆ ಕೊಳಲಿನ ತುಣುಕನ್ನು ಗುನುಗಿಬಿಡುತ್ತಾರೆ, ಅದನ್ನು ಗುನುಗಿದೆವೆಂಬುದು ಅವರಿಗೆ ಗೊತ್ತೂ ಆಗಿರುವುದಿಲ್ಲ. ಮೊಬೈಲಿನಲ್ಲಿ ಮೂಲ ಹಾಡು ಸಿಗುವಾಗ ಇಲ್ಲಿಗೇಕೆ ಬರಬೇಕೆಂದು ಕೇಳುವವರಿಗೆ ನನ್ನ ಉತ್ತರ ಇದೇ: ಮೂಲ ಹಾಡಿನಲ್ಲಿ ನಮಗೆ ಮಾಡಲು ಕೆಲಸವೇನೂ ಇರುವುದಿಲ್ಲ.

ಗಾಯಕನ ಪರೀಕ್ಷೆ ಬೇರೆ ಬಗೆಯದು. ರಾಜ್‌ಕುಮಾರ್ ಹಾಡುಗಳಿಲ್ಲದ ರಸಮಂಜರಿಯನ್ನು ನಾನು ಕಂಡಿಲ್ಲ. ಅವರ ಆರಂಭದ ಚಿತ್ರಗಳಲ್ಲಿ ಹೆಚ್ಚಾಗಿ ಕೇಳುವುದು ಪಿ.ಬಿ. ಶ್ರೀನಿವಾಸ್ ಅವರ ಮೆತ್ತನೆಯ ಕಂಠ. 1974ರ ನಂತರ ರಾಜ್‌ಕುಮಾರ್ ತಾವೇ ಹಾಡತೊಡಗಿದ ಮೇಲೆ ಅದೇ ಮುಖಕ್ಕೆ ತುಂಬುಗಂಟಲಿನ ಇನ್ನೊಂದು ದನಿ ಬಂತು. ಹೀಗಾಗಿ ಹಗಲು ಸೈಕಲ್ ಅಂಗಡಿಯಲ್ಲೋ ಬ್ಯಾಂಕಿನ ಕೌಂಟರಿನಲ್ಲೋ ಕೂತಿದ್ದು ಸಂಜೆ ಮಿಂಚುವ ಕೋಟು ತೊಟ್ಟು ಬರುವ ನಮ್ಮೂರಿನ ಗಾಯಕನಿಗೆ ಎರಡು ಗಂಟಲು ಬೇಕಾಗುತ್ತವೆ. ಮೊದಲನೆಯದು ಬಹಳ ಜನಕ್ಕೆ ಒಲಿಯುವುದಿಲ್ಲ. ಎರಡನೆಯದನ್ನು ಎಲ್ಲರೂ ಪ್ರಯತ್ನಿಸುತ್ತಾರೆ, ಕೆಲವರು ಕೈಯ ವರಸೆಯಲ್ಲೇ ಅರ್ಧ ಗೆದ್ದುಬಿಡುತ್ತಾರೆ. ಅಪರೂಪಕ್ಕೆ ಒಬ್ಬ ಯುಗಳ ಗೀತೆಯ ಗಂಡುದನಿ, ಹೆಣ್ಣುದನಿ ಎರಡನ್ನೂ ತಾನೇ ಹಾಡಿದಾಗ ಬೀಳುವ ಸಿಳ್ಳೆಗೆ ಪೆಂಡಾಲಿನ ತಗಡು ನಡುಗುತ್ತದೆ.

ನನ್ನ ತಕರಾರು ಇರುವುದು ಹಾಡುವವರ ಮೇಲಲ್ಲ, ಸನ್ಮಾನದ ಮೇಲೆ. ಶಬ್ದಮಾಲಿನ್ಯ ನಿಯಂತ್ರಣದ 2000ನೆಯ ಇಸವಿಯ ನಿಯಮಗಳ ಪ್ರಕಾರ, ಸರ್ಕಾರ ವಿಶೇಷ ಸಡಿಲಿಕೆ ಕೊಟ್ಟ ದಿನಗಳ ಹೊರತು, ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು. ನಿಯಮ ಸರಿಯಾದದ್ದೇ, ಪರೀಕ್ಷೆಗೆ ಓದುವ ಮಕ್ಕಳೂ ನಿದ್ದೆ ಬಾರದ ಮುದುಕರೂ ಎಲ್ಲ ಬೀದಿಗಳಲ್ಲಿ ಇದ್ದಾರೆ. ಆದರೆ ಏಳಕ್ಕೆಂದು ಅಚ್ಚಾದ ಕಾರ್ಯಕ್ರಮ ಎಂಟಕ್ಕೆ ಶುರುವಾಗಿ, ಹಾಡು ಕಳೆಗಟ್ಟುವ ಒಂಬತ್ತರ ಹೊತ್ತಿಗೆ ಗಣ್ಯರು ವೇದಿಕೆ ಹತ್ತಿ, ಶಾಲು, ಪೇಟ, ಹಾರ, ನೆನಪಿನ ಕಾಣಿಕೆ, ‘ಎರಡೇ ಮಾತು’ ಎಂಬ ಹದಿನೈದು ನಿಮಿಷದ ಭಾಷಣ ಎಲ್ಲ ಮುಗಿಯುವಷ್ಟರಲ್ಲಿ ಪೊಲೀಸ್ ಜೀಪು ತಿರುವಿನಲ್ಲಿ ನಿಂತಿರುತ್ತದೆ. ಉಳಿದ ಹಾಡುಗಳಿಂದ ಒಂದೊಂದು ಪಲ್ಲವಿಯನ್ನಷ್ಟೇ ಕಿತ್ತು ಪೋಣಿಸಿ ಗಾಯಕ ಅವಸರದಲ್ಲಿ ಮುಗಿಸುತ್ತಾನೆ. ಹತ್ತು ಗಂಟೆಯ ತನಕ ಹಾಡು, ಆಮೇಲೆ ಸನ್ಮಾನ ಎಂದು ಸಂಘದವರು ಒಮ್ಮೆ ಪ್ರಯೋಗ ಮಾಡಿ ನೋಡಬಹುದು. ಶಾಲು ಹೊದಿಸಲು ಮೈಕು ಬೇಕಾಗುವುದಿಲ್ಲ.