ನೀರೊಳಗಿನ ಬೆವರು

ಗದಾಯುದ್ಧದ ದುರ್ಯೋಧನನನ್ನು ಜಲವರ್ಣದಲ್ಲಿ ಬಿಡಿಸಲು ಕೂತವರು ಅವನ ತಲೆಯನ್ನು ನೀರಿನಿಂದ ಮೇಲೆತ್ತಿಯೇ ತೀರುತ್ತಾರೆ. ಎಂಥ ಅನುಕೂಲ! ಹತ್ತನೆಯ ಶತಮಾನದ ರನ್ನ ಹೇಳಿದ್ದು ಬೇರೆ: ಭೀಮನ ಆರ್ಭಟ ಕೇಳಿ ಉರಗಪತಾಕ, ಅಂದರೆ ಹಾವಿನ ಬಾವುಟದ ದುರ್ಯೋಧನ, ವೈಶಂಪಾಯನ ಸರೋವರದ ನೀರೊಳಗಿದ್ದೂ ಬೆವರಿದ. ಮೇಲೆ ಬಂದವನ ಹಣೆಯ ಹನಿ ಬೆವರಿನದೋ ಕೊಳದ್ದೋ ಯಾರಿಗೆ ಗೊತ್ತು?

ಮುಳುಗಿಸಿಯೇ ಬಿಡಿಸುವ ಹಠದವರು 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದವನ್ನು ನೆನೆಸಿ, ಹಲಗೆಗೆ ಗೋಂದಿನ ಟೇಪಿನಲ್ಲಿ ನಾಲ್ಕೂ ಅಂಚು ಅಂಟಿಸಿ ಒಣಗಿಸಿಟ್ಟಿರಬೇಕು. ಇಲ್ಲವಾದರೆ ಕಾಗದ ಉಬ್ಬಿ, ಬಣ್ಣವೆಲ್ಲ ತಗ್ಗಿಗೆ ಹರಿದು ನಿಲ್ಲುತ್ತದೆ. ಬಳಿದ ಬಣ್ಣದ ಒದ್ದೆ ಹೊಳಪು ಆರುತ್ತಿರುವಾಗ ನೀರು ತುಂಬಿದ ಕುಂಚ ತಾಗಿಸಿದರೆ ಬಣ್ಣ ಪಕ್ಕಕ್ಕೆ ಸರಿದು ಹೂಕೋಸಿನಂಥ ಕಲೆ ಅರಳುತ್ತದೆ. ಅದನ್ನೇ ಅಲೆ ಎಂದು ಸಾಧಿಸುವವರೂ ಇದ್ದಾರೆ, ಇರಲಿ.

ಕಣ್ಣಿನ ಮಾತಿಗೆ ಬರೋಣ. ಅವು ಕೋಪದಿಂದ ಕೆಂಪಾಗಿದ್ದವು ಎಂದೂ ಕವಿ ಹೇಳಿಟ್ಟಿದ್ದಾನೆ. ಕೆಂಪಿನ ಮೇಲೆ ಕೊಳದ ನೀರಿನ ಹಸಿರನ್ನು ತೆಳುಪದರವಾಗಿ ಎಳೆದರೆ ಉಳಿಯುವುದು ಕಂದು. ಕೌರವನಿಗೆ ಕೋಪವಲ್ಲ, ನಿದ್ದೆ ಬಂದಂತೆ ಕಾಣುತ್ತದೆ. ಹಾಗಾಗಿ ಕಣ್ಣಿನ ಜಾಗವನ್ನು ಮೊದಲೇ ಮಾಸ್ಕಿಂಗ್ ಫ್ಲೂಯಿಡ್‌ನಿಂದ, ಅಂದರೆ ಬಣ್ಣ ತಾಗದಂತೆ ತಡೆದು ಆಮೇಲೆ ಕಿತ್ತು ತೆಗೆಯುವ ರಬ್ಬರ್ ಹಾಲಿನಿಂದ, ಮುಚ್ಚಬೇಕು. ಹಳೆಯ ಕುಂಚ ಸಾಕು, ಆದರೆ ಮೊದಲು ಸೋಪುನೀರಿಗೆ ಅದ್ದಿ. ಆ ಹಾಲು ಕುಂಚದ ಕೂದಲಿಗೆ ಕಚ್ಚಿಕೊಂಡರೆ ಕುಂಚ ಕಸಕ್ಕೆ. ಹೇರ್ ಡ್ರೈಯರ್ ಹಿಡಿಯಲೇಬೇಡಿ. ಬಿಸಿಗೆ ಅದು ಕಾಗದಕ್ಕೆ ಅಂಟಿ, ಕೀಳುವಾಗ ಕಾಗದದ ಸಿಪ್ಪೆಯೂ ಎದ್ದು ಬರುತ್ತದೆ. ಕಿತ್ತಮೇಲೆ ಉಳಿಯುವ ಗಡುಸು ಅಂಚನ್ನು ಒದ್ದೆ ಕುಂಚದಿಂದ ಸವರಿ ಮೆತ್ತಗಾಗಿಸಿ, ಆಮೇಲಷ್ಟೇ ಕೆಂಪು. ಅಲಿಜರಿನ್ ಕ್ರಿಮ್ಸನ್ ಚಂದವೇ, ಆದರೆ ಬೆಳಕಿಗೆ ಮಾಸುತ್ತದೆ. ಕಿಟಕಿಯೆದುರು ತೂಗುಹಾಕಿದರೆ ದಡದಲ್ಲಿ ಭೀಮ ಕೂಗುತ್ತಲೇ ಇರುತ್ತಾನೆ, ಒಳಗಿನವನ ಸಿಟ್ಟು ಇಳಿದುಹೋಗಿರುತ್ತದೆ. ಟ್ಯೂಬಿನ ಮೇಲಿನ ಹೆಸರು ನಂಬದೆ ವರ್ಣದ್ರವ್ಯದ ಸಂಖ್ಯೆ ನೋಡಿ: ಪಿವಿ 19 ಆದರೆ ಕ್ವಿನಾಕ್ರಿಡೋನ್ ಎಂಬ ವರ್ಣದ್ರವ್ಯ, ಬಾಳಿಕೆ ಬರುತ್ತದೆ.

ಇನ್ನು ಬೆವರು. ಬಿಳಿ ಗ್ವಾಶ್‌ನ (ಅಪಾರದರ್ಶಕ ಜಲವರ್ಣದ) ಚುಕ್ಕೆಯಿಟ್ಟು ಕೈತೊಳೆದುಕೊಳ್ಳುವವರಿಗೆ ಹೇಳುವುದೇನೂ ಇಲ್ಲ. ಒಣಗಿದ ಹಣೆಯಿಂದ ಒದ್ದೆ ಕುಂಚದಲ್ಲಿ ಬಣ್ಣ ಎತ್ತುವುದು ಮರ್ಯಾದಸ್ಥ ದಾರಿ. ನೀರಿಗೆಂದು ಥಾಲೋ ಎಂಬ ಗಾಢ ಹಸಿರು ಬಳಿದಿದ್ದರೆ ಅದು ಏಳುವುದಿಲ್ಲ, ಕಾಗದಕ್ಕೆ ಕಲೆಯಾಗಿ ಕೂತಿರುತ್ತದೆ. ಅಲ್ಟ್ರಾಮರೀನ್ ನೀಲಿಗೆ ಹಳದಿ ಬೆರೆಸಿದ ಹಸಿರಾದರೆ ಮಾತು ಕೇಳುತ್ತದೆ. ಹನಿಗಳು ಚೊಕ್ಕವಾಗಿ ಮೂಡುತ್ತವೆ. ನೋಡಿದವರು ಮಾತ್ರ ಗುಳ್ಳೆ ಎನ್ನುತ್ತಾರೆ. ನೀರೊಳಗೆ ಅಡಗಿರಲು ಜಲಮಂತ್ರ ಬಲ್ಲವನು ಗುಳ್ಳೆ ಯಾಕೆ ಬಿಟ್ಟಾನು?